ಅಕ್ಕನ ಸೀಸೆ

ಜನವರಿ 3

ಶ್ರೀಮದ್ ಅಖಂಡ ಕನ್ನಡಕ ಸಾಮ್ರಾಜ್ಯದ ಅಧೀಶ್ವರಿ, ಬಲಗಣ್ಣು ಎಡಗಣ್ಣುಗಳ ಏಕೈಕ ರಕ್ಷಕಿ, ಮಸೂರಮರ್ದಿನಿ, ನನ್ನ ಬೆನ್ನ ಮೇಲೆ ಮೂರು ಸೌಟು ಮುರಿದ ವೀರಾಗ್ರಣಿ, ನನ್ನ ಅಕ್ಕನವರ ದಿವ್ಯ ಪಾದಾರವಿಂದಗಳಿಗೆ, ಪ್ರಯೋಗಾಲಯದ ನಾಲ್ಕನೆಯ ಮೇಜಿನ ಎಡತುದಿಯಲ್ಲಿ ಕುಳಿತ ಕಿಂಕರಿಯಾದ ತಂಗಿಯು ಸಾಷ್ಟಾಂಗ ಬಿದ್ದು, ಎದ್ದು, ಧೂಳು ಕೊಡವಿಕೊಂಡು ಮಾಡುವ ಬಿನ್ನಹ.

ನಾನು ಕ್ಷೇಮ. ತಾವೂ ಕ್ಷೇಮ ಎಂದು ನಂಬುವಷ್ಟು ದಡ್ಡಿ ನಾನಲ್ಲ. ಕಳೆದ ಸಲ ಇಲ್ಲಿಗೆ ಬಂದಾಗ ಎರಡು ಮಹಡಿ ಹತ್ತುವುದರೊಳಗೆ ಮೂರು ಕಡೆ ನಿಂತಿರಿ. ಲಿಫ್ಟ್ ರಿಪೇರಿಯವನ ಹೆಂಡತಿಗೆ ಮೆಟ್ಟಿಲೇ ಗತಿ ಎಂದು ನಾನು ನಕ್ಕೆ. ತಾವು ನಗಲಿಲ್ಲ. ನನ್ನ ಹಾಸ್ಯಕ್ಕೆ ನಗದವರನ್ನು ನಾನು ರೋಗಿಗಳೆಂದೇ ಪರಿಗಣಿಸುವುದರಿಂದ ಈ ಪೊಟ್ಟಣವನ್ನು ಕಳಿಸಿದ್ದೇನೆ.

ಒಳಗೆ ಒಂದು ಪುಟ್ಟ ಬ್ರಷ್ಷು, ಒಂದು ಸೀಸೆ ಇವೆ. ಬಚ್ಚಲ ಬಾಗಿಲು ಹಾಕಿಕೊಂಡು, ಚೀಟಿಯ ಚಿತ್ರದಲ್ಲಿರುವಂತೆ ಬ್ರಷ್ಷನ್ನು ಒಳಗಿಟ್ಟು ಐದು ಸುತ್ತು ತಿರುಗಿಸಿ, ಸೀಸೆಯ ದ್ರವದಲ್ಲಿ ಅದ್ದಿ ಅಲ್ಲಾಡಿಸಿ, ಮುಚ್ಚಳ ಬಿಗಿಮಾಡಿ ವಾಪಸು ಕಳಿಸುವುದು. ಯಾವ ಡಾಕ್ಟರ ಮುಂದೆಯೂ ಮಲಗಬೇಕಿಲ್ಲ, ನಾಚಿಕೊಳ್ಳಬೇಕಿಲ್ಲ.

ನಾವು ಹುಡುಕುತ್ತಿರುವ ಆಸಾಮಿಯ ಕುಲಗೋತ್ರ ಹೀಗಿದೆ. ಪ್ಯಾಪಿಲೋಮಾ ವೈರಸ್ ಎಂಬುದೊಂದು ದೊಡ್ಡ ಮನೆತನ, ಅಣ್ಣತಮ್ಮಂದಿರೇ ಇನ್ನೂರು ಜನ. ಬಹಳಷ್ಟು ಮಂದಿ ಕೈಮೇಲೊಂದು ನರಹುಲಿ ಎಬ್ಬಿಸಿ ತಮ್ಮ ಪಾಡಿಗೆ ಹೋಗುವ ಪಾಪದವರು. ಮನೆಹಾಳರು ಕೆಲವರೇ. ಅವರ ಮುಂದಾಳುಗಳು ಹದಿನಾರನೆಯವನು ಮತ್ತು ಹದಿನೆಂಟನೆಯವನು, ಗಂಡುಹೆಣ್ಣಿನ ಕೂಟದ ದಾರಿಯಲ್ಲೇ ಒಳಗೆ ಬರುವವರು. ಇವರ ಎರಡು ಜೀನುಗಳು ಎರಡು ಪ್ರೋಟೀನು ತಯಾರಿಸುತ್ತವೆ. ಜೀವಕೋಶದೊಳಗೆ 'ಸಾಕು, ಇನ್ನು ಬೆಳೀಬೇಡ' ಎನ್ನುವ ಇಬ್ಬರು ಕಾವಲುಗಾರರಿದ್ದಾರಲ್ಲ, ಅವರ ಕುತ್ತಿಗೆ ಹಿಚುಕುವುದೇ ಆ ಪ್ರೋಟೀನುಗಳ ಕೆಲಸ. ಕಾವಲುಗಾರರು ಸತ್ತ ಮೇಲೆ ಕೇಳುವವರಿಲ್ಲ, ಗರ್ಭದ್ವಾರದಲ್ಲಿ ಕ್ಯಾನ್ಸರ್. ಅಮ್ಮನಿಗೆ ಆದದ್ದು ಅದೇ ಎಂದು ಈಗ ಗೊತ್ತು. ಆಗ ನನಗೆ ಒಂಬತ್ತು ವರ್ಷ, ಹೊಟ್ಟೆನೋವು ಅಂದುಕೊಂಡಿದ್ದೆ.

ನಮ್ಮ ಆಸ್ಪತ್ರೆಯವರು ಕೆಲಸಕ್ಕೆ ಸೇರಿದ ಹುಡುಗಿಯರಿಗೆಲ್ಲ ಲಸಿಕೆ ಹಾಕಿದರು. ಅದರೊಳಗಿರುವುದು ವೈರಸ್ಸಿನ ಹೊರಗವಚದ ಪ್ರೋಟೀನು ಮಾತ್ರ. ಮೇಲಂಗಿ ಇದೆ, ಒಳಗೆ ಆಸಾಮಿ ಇಲ್ಲ. ಮೈಯ ಸಿಪಾಯಿಗಳು ಆ ಖಾಲಿ ಅಂಗಿಯನ್ನೇ ಬಡಿದು ಬಡಿದು ಪಾಠ ಕಲಿಯುತ್ತಾರೆ. ನನ್ನ ತೋಳು ನೋಯಿತೆಂದು ಅರ್ಧ ದಿನ ರಜೆಯೂ ಸಿಕ್ಕಿತು. ತಮ್ಮ ವಯಸ್ಸಿಗೆ ಆ ಸೂಜಿಯಿಂದ ಅಂಥ ಪ್ರಯೋಜನವಿಲ್ಲವಂತೆ. ಆದ್ದರಿಂದ ತಮಗೆ ಬ್ರಷ್ಷು.

ಇತಿ ತಮ್ಮ ಕೋತಿ


ಜನವರಿ 14

ಕೋತಿ,

ನಿನ್ನ ಪಾದಾರವಿಂದ ಮುಗಿಯುವಷ್ಟರಲ್ಲಿ ಹಾಲು ಉಕ್ಕಿಹೋಯಿತು.

ಸೀಸೆ ಕಳಿಸಿದ್ದೇನೆ. ಮನೆಯಲ್ಲಿ ನಿನ್ನ ಭಾವ ಇರುತ್ತಾರೆಂದು ಕನ್ನಡಕದ ಅಂಗಡಿಯ ಬಚ್ಚಲಲ್ಲೇ ಮುಗಿಸಿದೆ. ಐದು ಸುತ್ತು ಎಣಿಸುವಾಗ ಸಾಹುಕಾರರು ಬಾಗಿಲು ಬಡಿದು, "ಏನಮ್ಮಾ, ಒಳಗೇ ಮಸೂರ ಅರೀತಾ ಕೂತ್ಯಾ?" ಎಂದರು. ಎಣಿಕೆ ತಪ್ಪಿತು. ಏಳು ಸುತ್ತಾಗಿರಬಹುದು. ಪರವಾಗಿಲ್ಲವೇ?

ನಿನ್ನ ಭಾವನಿಗೆ ಹೇಳಿಲ್ಲ. ನೀನೂ ಫೋನ್ ಮಾಡಬೇಡ. ಕಳೆದ ವರ್ಷ ಗಂಡು ದನಿಯಲ್ಲಿ, "ನಾವು ವಿದ್ಯುತ್ ಇಲಾಖೆಯವರು, ನಿಮ್ಮ ಮನೆ ಮೀಟರು ಹಿಂದಕ್ಕೆ ಓಡ್ತಿದೆ, ವಿಚಾರಣೆಗೆ ಬರ್ತೀವಿ" ಅಂದೆ. ನಾನು ಎರಡು ದಿನ ದೀಪ ಹಾಕದೆ ಕೂತಿದ್ದೆ. ನಿನ್ನ ದನಿಯನ್ನು ನಾನು ನಂಬುವುದಿಲ್ಲ. ಬರೆದು ತಿಳಿಸು. ಇದೆ ಅಥವಾ ಇಲ್ಲ. ಒಂದೇ ಪದ ಸಾಕು. ಕುಲಗೋತ್ರ ಬೇಡ.

ನನಗೆ ಸುಸ್ತು, ಅಷ್ಟೇ. ನಿನ್ನ ರೂಮಿನಲ್ಲಿ ಬಿಟ್ಟುಬಂದ ನನ್ನ ಬಿಳಿ ಬಟ್ಟೆಗಳನ್ನು ನೀನೇ ಹಾಕಿಕೋ. ನಾನೀಗ ಕಪ್ಪು, ಕಡುನೀಲಿ ಬಿಟ್ಟು ಬೇರೆ ಹಾಕುವುದಿಲ್ಲ. ಅಂಗಡಿಯ ಧೂಳಿಗೆ ಅದೇ ಸರಿ.

ಅಮ್ಮನಿಗೆ ಹೊಟ್ಟೆನೋವು ಅಂದುಕೊಂಡಿದ್ದೆ ಅಂತ ಬರೆದಿದ್ದೀಯ. ಹಾಗೆ ಅಂದುಕೊಳ್ಳಲಿ ಅಂತ ನಾನೇ ಹೇಳಿದ್ದು. ಅವಳ ಬಟ್ಟೆ ಒಗೆದವಳು ನಾನು.

ಅಕ್ಕ


ಜನವರಿ 22

ಮಹಾಪ್ರಭುಗಳಾದ ಅಕ್ಕನವರಿಗೆ,

ಸೀಸೆಯು ತಲುಪಿತು. ಏಳು ಸುತ್ತಿಗೆ ಅಡ್ಡಿಯಿಲ್ಲ, ಭಕ್ತಿ ಹೆಚ್ಚಾಯಿತು ಎಂದು ಬರೆದುಕೊಂಡಿದ್ದೇವೆ. ಸದ್ಯ ಅದನ್ನು ನನ್ನ ಡ್ರಾಯರಿನಲ್ಲಿ ರಾಜಮರ್ಯಾದೆಯಿಂದ ಇರಿಸಲಾಗಿದೆ.

ಇಲ್ಲಿಯ ಪದ್ಧತಿ ಕೇಳಿ. ತಟ್ಟೆಯೊಂದರಲ್ಲಿ ತೊಂಬತ್ತಾರು ಗುಳಿಗಳು. ಒಂದು ಗುಳಿಯಲ್ಲಿ ವೈರಸ್ಸಿನ ಜೀನು ಇದ್ದೇ ಇದೆಯೆಂದು ಗೊತ್ತಿರುವ ದ್ರವ, ಇನ್ನೊಂದರಲ್ಲಿ ಬರೀ ನೀರು. ಕಳ್ಳನನ್ನೂ ಸಾಧುವನ್ನೂ ಎರಡು ತುದಿಗೆ ಕೂರಿಸಿ, ನಡುವೆ ನಿಮ್ಮಂಥ ಮಹಾಜನರನ್ನು ಸಾಲಾಗಿ ಇಡುತ್ತೇವೆ. ಕಳ್ಳ ಹೊಳೆದು ಸಾಧು ಸುಮ್ಮನಿದ್ದರೆ ಆ ದಿನದ ಮಾತು ಸತ್ಯ.

ತಾವು ತಟ್ಟೆ ಹತ್ತಲು ಒಂದು ಫಾರ್ಮು ತುಂಬಬೇಕು. ಇಪ್ಪತ್ತೆರಡು ಪ್ರಶ್ನೆಗಳಿವೆ. ಹನ್ನೊಂದು ಮುಗಿಸಿದ್ದೇನೆ. ಇಂಥ ಪ್ರಶ್ನೆಗಳಿಗೆ ನಾನು ಪರೀಕ್ಷೆಯಲ್ಲೂ ಉತ್ತರ ಬರೆದವಳಲ್ಲ.

ಕೋತಿ


ಫೆಬ್ರವರಿ 1

ಪರೀಕ್ಷಾ ವರದಿ

ಪರೀಕ್ಷೆಗೊಳಗಾದವರು: ಅಕ್ಕನವರು.
ವಯಸ್ಸು: ಈ ತಿಂಗಳ ನಾಲ್ಕಕ್ಕೆ ಮೂವತ್ತೊಂಬತ್ತು.
ಮಾದರಿ: ಸೀಸೆ ಒಂದು. ಗೌರವಪೂರ್ವಕವಾಗಿ ಸ್ವೀಕರಿಸಲಾಗಿದೆ.
ಫಲಿತಾಂಶ: ಹದಿನಾರನೆಯವರು ಸಮಸ್ತ ಪರಿವಾರದೊಡನೆ ತಮ್ಮ ಗರ್ಭದ್ವಾರದಲ್ಲಿ ಬಿಡಾರ ಹೂಡಿರುವುದು ಕಂಡುಬಂದಿದೆ. ಪಾಸಿಟಿವ್.
ವಿಶೇಷ ಸೂಚನೆ: ಇಂಥ ಗಣ್ಯ ಅತಿಥಿಯನ್ನು ಮನೆಗೆ ಕರೆತಂದವರು ಯಾರೆಂದು ಯಜಮಾನರನ್ನು ವಿಚಾರಿಸತಕ್ಕದ್ದು.

(ಮೊಹರು, ಸಹಿ)

(ಹಾಳೆಯ ಹಿಂಬದಿಯಲ್ಲಿ)

ಹೆದರಿದೆಯಾ? ಮುಖ ನೋಡಬೇಕಿತ್ತು ನಿನ್ನದು!

ನಮ್ಮ ಲ್ಯಾಬಿನಲ್ಲಿ ಒಂದು ಪದ್ಧತಿಯಿದೆ. ಹುಟ್ಟುಹಬ್ಬದವರಿಗೆ ಸುಳ್ಳು ರಿಪೋರ್ಟು ಕೊಡುವುದು. ನಮ್ಮ ದೊಡ್ಡ ಮೇಡಂಗೆ 'ಕೋಪ: ಪಾಸಿಟಿವ್, ಪ್ರಮಾಣ ಅಳತೆಗೆ ಸಿಕ್ಕಿಲ್ಲ' ಎಂದು ಕೊಟ್ಟೆವು. ಅವರು ಅದನ್ನು ಮೇಜಿನ ಗಾಜಿನಡಿ ಇಟ್ಟುಕೊಂಡಿದ್ದಾರೆ. ನಿನ್ನ ನಿಜವಾದ ರಿಪೋರ್ಟು ಸದ್ಯದಲ್ಲೇ ಬರುತ್ತದೆ. ಹುಟ್ಟುಹಬ್ಬದ ಶುಭಾಶಯ, ಮುದುಕಿ. ಕೆಳಗೆ ಬರೆದಿರುವ ಕೋತಿಯ ಚಿತ್ರ ನಾನೇ. ಬಾಲ ಮಾತ್ರ ಸ್ವಲ್ಪ ಉದ್ದವಾಯಿತು.


ಫೆಬ್ರವರಿ 9

ತಂಗಿ,

ರಿಪೋರ್ಟು ಹುಟ್ಟುಹಬ್ಬದ ದಿನವೇ ತಲುಪಿತು.

ಬಿಡಾರ, ಪರಿವಾರ ಅಂತೆಲ್ಲ ಬರೆದಿದ್ದೀಯ. ಪಾಪ, ಹುಡುಗಿಗೆ ನೇರವಾಗಿ ಹೇಳಲು ಬಾಯಿ ಬಂದಿಲ್ಲ ಅಂದುಕೊಂಡೆ. ಆದರೂ ನಾನು ಕೇಳಿದ ಒಂದು ಪದ ಅದರಲ್ಲಿತ್ತು. ಕೆಳಗೆ ಮೊಹರೂ ಇತ್ತು. ಮೊಹರು ಹಾಕಿ ಯಾರು ತಮಾಷೆ ಮಾಡುತ್ತಾರೆ?

ನಮ್ಮ ಅಂಗಡಿಯಲ್ಲಿ ಗಿರಾಕಿಯ ಕಣ್ಣಿನ ಚೀಟಿ ಬಂದ ಕೂಡಲೇ ಮಸೂರ ಇಡುವ ಟ್ರೇಗೆ ಅಂಟು ಸವರಿ ಒತ್ತಿಬಿಡುತ್ತೇವೆ. ಚೀಟಿ ಹಾರಿಹೋದರೆ ಒಬ್ಬರ ಕಣ್ಣು ಇನ್ನೊಬ್ಬರಿಗೆ ಹೋಗುತ್ತದೆ. ಹದಿನಾಲ್ಕು ವರ್ಷದ ರೂಢಿ. ಕೈ ತಾನಾಗಿ ಅದನ್ನೇ ಮಾಡಿತು. ಅಡುಗೆಮನೆಯ ಕಪಾಟಿನ ಬಾಗಿಲಿಗೆ, ನಿನ್ನ ಭಾವನ ಕಣ್ಣಿನ ಎತ್ತರಕ್ಕೆ ಅಂಟು ಸವರಿ, ನಿನ್ನ ಹಾಳೆಯನ್ನು ಒತ್ತಿದೆ.

ಬಂದರು. ಕೈ ತೊಳೆದರು. ಲೋಟ ತೆಗೆಯಲು ಹೋದವರು ಅಲ್ಲೇ ನಿಂತರು.

"ಏನಿದು?"

"ಓದೋಕೆ ಬರುತ್ತಲ್ಲ."

ಎರಡು ಸಲ ಓದಿದರು. ಲೋಟ ಇನ್ನೂ ಕೈಯಲ್ಲೇ ಇತ್ತು.

"ಯಜಮಾನರನ್ನ ವಿಚಾರಿಸಿ ಅಂತ ಬರೆದಿದ್ದಾರೆ. ವಿಚಾರಿಸ್ತಿದ್ದೀನಿ," ಅಂದೆ.

ಇಲ್ಲ ಅನ್ನುತ್ತಾರೆ ಅಂತಲೇ ಕಾದಿದ್ದೆ, ನಿಜ ಹೇಳುತ್ತೇನೆ. ಇಲ್ಲ ಅಂದಿದ್ದರೆ ನಂಬುತ್ತಿದ್ದೆ.

"ಹನ್ನೊಂದು ವರ್ಷ ಆಯ್ತು ಕಣೇ," ಅಂದರು. "ಆರನೇ ಮಹಡಿಯವಳು. ಲಿಫ್ಟು ಕೆಟ್ಟಿತ್ತು."

"ಸರಿ ಮಾಡೋಕೆ ಎಷ್ಟು ದಿನ ಹಿಡೀತು?"

"ಎರಡು ತಿಂಗಳು."

ಅವರ ಸ್ಪ್ಯಾನರು, ತಂತಿ, ಗ್ರೀಸಿನ ಡಬ್ಬಿ ಎಲ್ಲವನ್ನೂ ಪೆಟ್ಟಿಗೆಗೆ ತುಂಬಿ ಮೆಟ್ಟಿಲ ಮೇಲಿಟ್ಟೆ. ಎತ್ತಿಕೊಂಡು ಹೋದರು. ಈಗ ಯಾವುದೋ ಕಟ್ಟಡದ ತುದಿಯ ಮೋಟಾರು ಕೋಣೆಯಲ್ಲಿ ಮಲಗುತ್ತಾರಂತೆ. ಇಷ್ಟು ವರ್ಷ ಜನರನ್ನು ಮೇಲಕ್ಕೆ ಕಳಿಸಿದವರು ತಾವೂ ಮೇಲೆ ಸೇರಿದರು.

ಇಲ್ಲಿಯ ಆಸ್ಪತ್ರೆಗೆ ಹೋಗಿ ರಿಪೋರ್ಟಿನ ಮಾತು ಹೇಳಿದೆ. ಮಾರ್ಚ್ 2ಕ್ಕೆ ದಿನ ಕೊಟ್ಟಿದ್ದಾರೆ. ಒಳಗೆ ದೀಪ ಬಿಟ್ಟು, ಮಸೂರ ಇಟ್ಟು ನೋಡುತ್ತಾರಂತೆ. ಊರವರ ಕಣ್ಣಿಗೆಲ್ಲ ಮಸೂರ ಅರೆದೆ, ಈಗ ನನ್ನ ಸರದಿ. ಬೇಗ ಸಿಕ್ಕಿದರೆ ಸಣ್ಣದರಲ್ಲೇ ತೆಗೆದುಹಾಕಬಹುದು ಅಂದರು.

ನೀನು ಇರದಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಮ್ಮನಿಗೆ ನಿನ್ನಂಥವಳು ಒಬ್ಬಳು ಇರಲಿಲ್ಲ.

ಅಕ್ಕ


ಫೆಬ್ರವರಿ 15

ಶ್ರೀಮದ್ ಅಖಂಡ ಕನ್ನಡಕ... ಬೇಡ. ಅಕ್ಕಾ,

ಆ ಹಾಳೆಯನ್ನು ಈಗಲೇ ಕಿತ್ತು ಹಿಂಬದಿ ನೋಡು. ಹಿಂಬದಿಯಲ್ಲಿ ಎಲ್ಲ ಬರೆದಿದ್ದೆ ಕಣೇ. ಹಾಳೆ ಅಂದ ಮೇಲೆ ತಿರುಗಿಸಿ ನೋಡಬೇಡವೇ? ಯಾರಾದರೂ ರಿಪೋರ್ಟನ್ನು ಕಪಾಟಿಗೆ ಅಂಟಿಸುತ್ತಾರೆಯೇ? ತಪ್ಪು ನನ್ನದೇ, ಒಪ್ಪಿದೆ. ಅದರಲ್ಲಿ ಕಾಲು ಭಾಗ ನಿನ್ನ ಅಂಟಿನದೂ ಹೌದು.

ಅದು ಹುಟ್ಟುಹಬ್ಬದ ತಮಾಷೆ. ಮೊಹರು 'ಸ್ವೀಕರಿಸಲಾಗಿದೆ' ಎಂಬ ಮೊಹರು, ನಾವು ಅದನ್ನು ಬಿಸ್ಕತ್ತಿನ ಪೊಟ್ಟಣದ ಮೇಲೂ ಹೊಡೆಯುತ್ತೇವೆ. ಯಜಮಾನರನ್ನು ವಿಚಾರಿಸಿ ಎಂಬ ಸಾಲನ್ನು ಬರೆಯುವಾಗ ನಾನೂ ಪಕ್ಕದ ಮೇಜಿನವಳೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನಿಜವಾಗಿ ಪಾಸಿಟಿವ್ ಬಂದಿದ್ದರೂ ಯಾರನ್ನೂ ವಿಚಾರಿಸುವ ಹಾಗಿಲ್ಲ. ಇದು ಮೈಯೊಳಗೆ ವರ್ಷಗಟ್ಟಲೆ ಉಸಿರು ಬಿಗಿಹಿಡಿದು ಕೂತಿರಬಲ್ಲದು. ದೊಡ್ಡ ಮೇಡಂ ಯಾವಾಗಲೂ ಹೇಳುತ್ತಾರೆ, "ಈ ವೈರಸ್ಸಿಗೆ ತಾರೀಖೂ ಇಲ್ಲ, ವಿಳಾಸವೂ ಇಲ್ಲ. ಗಂಡ ಹೆಂಡ್ತಿ ಜಗಳಕ್ಕೆ ಇದನ್ನ ಸಾಕ್ಷಿ ಕರೀಬೇಡಿ" ಎಂದು.

ಭಾವನನ್ನು ವಾಪಸು ಕರೆ. ಮೋಟಾರು ಕೋಣೆಯಲ್ಲಿ ಇಲಿ ಇರುತ್ತವೆ. ಹನ್ನೊಂದು ವರ್ಷದ ಹಿಂದೆ ಕೆಟ್ಟ ಲಿಫ್ಟಿಗೆ ಈಗ ಯಾಕೆ ಕೋಪ ಮಾಡಿಕೊಳ್ಳುತ್ತೀಯ? ಆ ಕಟ್ಟಡವನ್ನೇ ಕೆಡವಿರಬೇಕು.

ಪಾಸಿಟಿವ್ ಎಂದು ಬರೆದದ್ದು ಸುಳ್ಳು. ಅಮ್ಮನಾಣೆ. ನೀನು ಒಂದೇ ಪದ ಕೇಳಿದ್ದೆಯಲ್ಲ, ತಗೋ: ಇಲ್ಲ. ಇಲ್ಲ, ಇಲ್ಲ, ಇಲ್ಲ. ಇನ್ನಾದರೂ ಬಿಳಿ ಬಟ್ಟೆ ಹಾಕಿಕೋ.

ನಿನ್ನ ಕೋತಿ


ಮಾರ್ಚ್ 4

ಶ್ರೀಮನ್ಮಹಾ ಮರ್ಕಟಕುಲತಿಲಕೆ, ಸುಳ್ಳು ವರದಿಗಳ ಸಾಮ್ರಾಜ್ಞಿ, ಬಿಸ್ಕತ್ತು ಮೊಹರುಗಳ ಒಡತಿ, ಅಮ್ಮನಾಣೆಗಳ ಸಗಟು ವ್ಯಾಪಾರಿ, ನನ್ನ ತಂಗಿಯವರ ಸನ್ನಿಧಾನಕ್ಕೆ, ಕಪಾಟಿನ ಬಾಗಿಲ ಮುಂದೆ ಒದ್ದೆ ಸ್ಪಂಜು ಹಿಡಿದು ನಿಂತ ಅಕ್ಕನ ವಿಜ್ಞಾಪನೆ.

ನೋಡಿದೆಯಾ, ನನಗೂ ಬರುತ್ತದೆ. ನಿನಗೆ ಇದನ್ನು ಕಲಿಸಿದವಳು ನಾನೇ. ಅಮ್ಮ ಹಾಸಿಗೆ ಹಿಡಿದಾಗ ನೀನು ಅಳಬಾರದೆಂದು, ಗಂಜಿ ಲೋಟ ಹಿಡಿದು 'ಮಹಾರಾಣಿಯವರೇ' ಅನ್ನುತ್ತಿದ್ದೆ.

ಹಾಳೆ ಬಿಡಿಸಿದೆ. ನೀರು ಹಾಕಿ ಎಳೆದಾಗ ಹರಿದು ಚೂರಾಯಿತು. ಹಿಂಬದಿಯ ಮಸಿ ಮಾತ್ರ ಬಾಗಿಲಿಗೆ ಹಿಡಿದುಕೊಂಡಿದೆ, ಅಕ್ಷರಗಳೆಲ್ಲ ತಿರುಗುಮುರುಗಾಗಿ. ಕನ್ನಡಿ ಹಿಡಿದು ಓದಿದೆ. ಹುಟ್ಟುಹಬ್ಬದ ಶುಭಾಶಯ, ಮುದುಕಿ. ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಕೋತಿಯ ಬಾಲವೂ ಹಾಗೇ ಇದೆ.

ಮೋಟಾರು ಕೋಣೆಗೆ ಹೋಗಿದ್ದೆ. ಒಂಬತ್ತು ಮಹಡಿ. ಲಿಫ್ಟನ್ನು ಅವರೇ ಬಿಚ್ಚಿಟ್ಟಿದ್ದರು, ಆದ್ದರಿಂದ ಮೆಟ್ಟಿಲೇ ಗತಿ. ನೀನಿದ್ದಿದ್ದರೆ ನಗುತ್ತಿದ್ದೆ. ಇದು ನನ್ನ ತಂಗಿ ಮಾಡಿದ ತಮಾಷೆ, ನನಗೆ ಯಾವ ವೈರಸ್ಸೂ ಇಲ್ಲವಂತೆ ಎಂದು ಹೇಳಿದೆ. ಕೈಯ ಗ್ರೀಸು ಒರೆಸಿಕೊಂಡರು. ಆಮೇಲೆ ಕೇಳಿದರು, "ಹಾಗಾದ್ರೆ ನಾನು ಹೇಳದೇ ಇದ್ದಿದ್ರೂ ನಡೀತಿತ್ತಾ?"

ಅಷ್ಟೇ ಕೇಳಿದ್ದು. ತಪ್ಪಾಯಿತು ಅನ್ನಲಿಲ್ಲ. ಅವರನ್ನು ಇಲಿಗಳ ಜೊತೆ ಬಿಟ್ಟು ಇಳಿದು ಬಂದೆ.

ಲಸಿಕೆಯ ಕಥೆ ಹೇಳಿದ್ದೆಯಲ್ಲ, ಮೇಲಂಗಿ ಇದೆ, ಒಳಗೆ ಆಸಾಮಿ ಇಲ್ಲ ಅಂತ. ಓದಿದಾಗ ಇದು ಥೇಟು ನನ್ನ ತಂಗಿಯೇ ಅಂದುಕೊಂಡೆ. ಆ ಖಾಲಿ ಅಂಗಿಯೂ ಒಬ್ಬರನ್ನು ಕಾಪಾಡುತ್ತದಂತೆ. ಕಾಪಾಡಲಿ, ನಿನ್ನನ್ನು. ನಿನಗೆ ಸೂಜಿ, ನನಗೆ ತಮಾಷೆ.

ಆದರೂ ನಿನ್ನಿಂದ ಒಂದು ಉಪಕಾರವಾಯಿತು, ಅದನ್ನೂ ಹೇಳಿಬಿಡುತ್ತೇನೆ. ಕಪ್ಪು ಬಟ್ಟೆ ಅಂಗಡಿಯ ಧೂಳಿಗಲ್ಲ. ಮುಟ್ಟಲ್ಲದ ದಿನಗಳಲ್ಲೂ ನನಗೆ ರಕ್ತ ಹೋಗುತ್ತಿದೆ, ಐದು ತಿಂಗಳಾಯಿತು. ಅಮ್ಮನಿಗೂ ಹೀಗೇ ಶುರುವಾಗಿತ್ತು. ಒಗೆದವಳಿಗೆ ಗೊತ್ತಿರುತ್ತದೆ. ಅದಕ್ಕೇ ನಿನ್ನ ಬ್ರಷ್ಷಿಗೆ ಮರುಮಾತಾಡದೆ ಒಪ್ಪಿಕೊಂಡದ್ದು. ನೀನು ಅಮ್ಮನ ಮೇಲೆ ಆಣೆಯಿಟ್ಟು ನಾಲ್ಕು ಸಲ ಇಲ್ಲ ಎಂದು ಬರೆದ ಮೇಲೆ ಎದೆಯ ಕಲ್ಲು ಇಳಿಯಿತು. ನೀನು ಎಂಥ ಕೋತಿಯಾದರೂ ಅಮ್ಮನ ಹೆಸರಲ್ಲಿ ಆಟ ಆಡುವವಳಲ್ಲ. ಇದು ವಯಸ್ಸಿನ ತೊಂದರೆಯಿರಬೇಕು, ತಾನಾಗಿ ನಿಲ್ಲುತ್ತದೆ. ಮಾರ್ಚ್ 2ರ ದಿನವನ್ನು ರದ್ದು ಮಾಡಿಸಿದೆ. ಅವತ್ತು ಅಂಗಡಿಯಲ್ಲಿ ಕೂತು ನಲವತ್ತು ಮಸೂರ ಅರೆದೆ. ಒಂದೂ ಒಡೆಯಲಿಲ್ಲ.

ಇನ್ನು ಬರೆಯಬೇಡ. ನಿನ್ನ ಕವರು ಬಂದರೆ ಒಡೆಯದೆ ಟ್ರೇಯ ತಳಕ್ಕೆ ಅಂಟಿಸುತ್ತೇನೆ.

ಅಕ್ಕ


ಮಾರ್ಚ್ 11

ಅಕ್ಕಾ,

ಇದು ಕಾರ್ಡು. ಒಡೆಯುವ ಕೆಲಸವಿಲ್ಲ. ಅಂಗಡಿಯ ವಿಳಾಸಕ್ಕೇ ಹಾಕುತ್ತಿದ್ದೇನೆ. ಅಂಚೆಯವನು ಓದಲಿ, ಸಾಹುಕಾರರು ಓದಲಿ, ಓದಿ ನಿನಗೂ ಗಟ್ಟಿಯಾಗಿ ಹೇಳಲಿ. ಸಾಹುಕಾರರೇ, ದಯವಿಟ್ಟು.

ಹದಿನೆಂಟು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಅಂಗಡಿಗೆ ಮಾಡಿದರೆ ಸಾಹುಕಾರರು, "ಈ ಸಲ ಯಾವ ಇಲಾಖೆಯವರಮ್ಮಾ?" ಎಂದು ಇಟ್ಟುಬಿಟ್ಟರು.

ನಾಳೆಯೇ ಆಸ್ಪತ್ರೆಗೆ ಹೋಗು. ಐದು ತಿಂಗಳ ಮಾತನ್ನು ದೊಡ್ಡ ಮೇಡಂಗೆ ಹೇಳಿದೆ. "ರಿಪೋರ್ಟು ಏನೇ ಹೇಳ್ಲಿ, ರಕ್ತ ಹೋಗ್ತಿದ್ರೆ ಒಳಗೆ ನೋಡ್ಲೇಬೇಕು. ನೀನು ಇಲ್ಲಿ ಕೂತು ಏನ್ಮಾಡ್ತಿದ್ದೀಯ?" ಎಂದು ಎಲ್ಲರೆದುರು ಬೈದರು. ಶನಿವಾರ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಭಾವನ ಪೆಟ್ಟಿಗೆ ಇಟ್ಟಿದ್ದ ಮೆಟ್ಟಿಲ ಮೇಲೆ ಕೂರುತ್ತೇನೆ. ಆದರೆ ಶನಿವಾರದ ತನಕ ಕಾಯಬೇಡ.

ಫಾರ್ಮಿನ ಹನ್ನೆರಡನೆಯ ಪ್ರಶ್ನೆ, ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತೇ ಎಂಬುದು. ಅಮ್ಮ ಎಂದು ಬರೆದೆ. ಮುಂದಕ್ಕೆ ಕೈ ಓಡಲಿಲ್ಲ. ನಾಳೆ ತುಂಬಿದರಾಯಿತು ಎಂದು ಡ್ರಾಯರು ಮುಚ್ಚಿದೆ. ಇವತ್ತು ತೆಗೆದು ನೋಡಿದರೆ ಸೀಸೆಯ ಮುಚ್ಚಳ ಸಡಿಲವಾಗಿ ಒಳಗೆ ಒಣಗಿಹೋಗಿದೆ.

ನಿನ್ನ ಸೀಸೆಯನ್ನು ನಾನು ಪರೀಕ್ಷೆ ಮಾಡಲೇ ಇಲ್ಲ.